ಪಾಚಿ ಕಲ್ಲಾಗುವ ಬಗೆ

ನಾಲಿಗೆಯ ತುದಿಯನ್ನು ಕೆಳಸಾಲಿನ ಮುಂದಿನ ಹಲ್ಲುಗಳ ಹಿಂಬದಿಗೆ ಒತ್ತಿ ಆಡಿಸಿ ನೋಡಿ. ಹಲ್ಲುಹಲ್ಲಿನ ನಡುವಿನ ಸಂದು ಸಿಗಬೇಕಾದ ಕಡೆ ಒರಟಾದ ಒಂದೇ ಪಟ್ಟಿ ಸಿಕ್ಕಿದರೆ ಅದು ಕಿಟ್ಟ. ದಂತವೈದ್ಯರ ಬಾಯಲ್ಲಿ ಅದು ಕ್ಯಾಲ್ಕುಲಸ್, ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಟಾರ್ಟರ್. ಬಾಯಲ್ಲಿ ಮೂವತ್ತೆರಡು ಹಲ್ಲಿದ್ದರೂ ಕಿಟ್ಟಕ್ಕೆ ಅಚ್ಚುಮೆಚ್ಚಿನ ಜಾಗ ಎರಡೇ. ಒಂದು, ಈಗ ನಾಲಿಗೆ ಮುಟ್ಟಿದ ಜಾಗ. ಇನ್ನೊಂದು, ಮೇಲ್ಸಾಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯ ಮೈ. ಎರಡೂ ಕಡೆ ಜೊಲ್ಲಿನ ನಾಳಗಳು ಬಾಯಿಗೆ ತೆರೆದುಕೊಳ್ಳುತ್ತವೆ. ಕೆಳದವಡೆಯ ಅಡಿಯ ಗ್ರಂಥಿಯ ನಾಳ ನಾಲಿಗೆಯ ಕೆಳಗೆ ಬಂದು ಸೇರುತ್ತದೆ, ಕಿವಿಯ ಮುಂದಿನ ಗ್ರಂಥಿಯದು ಮೇಲಿನ ದವಡೆಹಲ್ಲಿಗೆ ಎದುರಾಗಿ ಕೆನ್ನೆಯ ಒಳಮೈಯಲ್ಲಿ. ಕಲ್ಲಿಗೆ ಬೇಕಾದ ಸರಕು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಆದರೂ ನಮ್ಮ ಬಯಲುಸೀಮೆಯಲ್ಲಿ ಈ ಕಿಟ್ಟದ ತಪ್ಪನ್ನು ಬೋರ್‌ವೆಲ್ ನೀರಿನ ಮೇಲೆ ಹೊರಿಸುವುದು ರೂಢಿ. ಹಂಡೆಯ ಒಳಗೆ ಬಿಳಿ ಪಕ್ಕು ಕಟ್ಟುವ ಹಾಗೆಯೇ ಹಲ್ಲಿಗೂ ಕಟ್ಟುತ್ತದೆ ಎಂಬ ಲೆಕ್ಕಾಚಾರ. ಹಂಡೆಯ ಪಕ್ಕು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ನೀರು ಕಾದಾಗ ಕೂರುವಂಥದ್ದು. ಹಲ್ಲಿನ ಕಿಟ್ಟ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಗಂಟಲಿಗಿಳಿಯುವ ನೀರು ಹಲ್ಲಿನ ಬಳಿ ಕೆಲವು ಕ್ಷಣ ಇದ್ದರೆ ಹೆಚ್ಚು. ಜೊಲ್ಲಾದರೋ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಸುರಿದು, ಹಗಲೂ ರಾತ್ರಿ ಹಲ್ಲನ್ನು ನೆನೆಸಿಕೊಂಡೇ ಇರುತ್ತದೆ. ಇನ್ನೂ ಗಟ್ಟಿಯಾದ ಸಾಕ್ಷಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಹೊಟ್ಟೆಗೆ ನೇರವಾಗಿ ಕೊಳವೆ ಇಟ್ಟು ಆಹಾರ ಕೊಡುವ ರೋಗಿಗಳು ಬಾಯಿಂದ ತುತ್ತು ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ. ಅಂಥವರ ಹಲ್ಲಿಗೆ ಕಿಟ್ಟ ಕಟ್ಟುವುದು ಉಳಿದವರಿಗಿಂತ ಬೇಗ, ಉಳಿದವರಿಗಿಂತ ಹೆಚ್ಚು. ಅಗಿಯುವ ಉಜ್ಜಾಟವೂ ಇಲ್ಲ, ಊಟದಿಂದ ಹುಟ್ಟುವ ಹುಳಿಯೂ ಇಲ್ಲ. ತಡೆಯುವವರಿಲ್ಲದೆ ಜೊಲ್ಲು ತನ್ನ ಪಾಡಿಗೆ ಕಲ್ಲು ಕಟ್ಟುತ್ತದೆ.

ಹಾಗಿದ್ದರೆ ಇದು ಬರೀ ಜೊಲ್ಲಿನ ಕೆಲಸವೆ? ಬಾಯಿಯ ಬ್ಯಾಕ್ಟೀರಿಯಾಗಳದ್ದು ಇದರಲ್ಲಿ ಎಷ್ಟು ಪಾಲು? ಈ ಪ್ರಶ್ನೆಯ ಮೇಲೆ ಒಂದು ಶತಮಾನದಿಂದ ವಾದ ನಡೆದಿದೆ. ಬಹುಶಃ ಪ್ರಶ್ನೆಯನ್ನು ಹಾಗೆ ಎರಡಾಗಿ ಸೀಳಿದ್ದೇ ಸರಿಯಾಗಲಿಲ್ಲ.

ಮೊದಲು ಜೊಲ್ಲನ್ನು ನೋಡೋಣ. ಜೊಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗುವ ಮಿತಿಯನ್ನೂ ಮೀರಿ ತುಂಬಿಕೊಂಡಿವೆ. ರಸಾಯನಶಾಸ್ತ್ರದ ನಿಯಮದಂತೆ ಅವು ಕೂಡಲೇ ಹರಳುಗಟ್ಟಿ ಇಳಿಯಬೇಕು. ಹಾಗೆ ಇಳಿಯದಂತೆ ಕಾಯುವ ಪ್ರೋಟೀನುಗಳು ಜೊಲ್ಲಿನಲ್ಲೇ ಇವೆ. ಸ್ಟಾಥೆರಿನ್ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಪ್ರೋಲಿನ್ ಹೆಚ್ಚಿರುವ ಇನ್ನೊಂದು ಗುಂಪು ಅದರ ಜೊತೆಗಿದೆ. ಪೈರೋಫಾಸ್ಫೇಟ್ ಎಂಬ ಸಣ್ಣ ಅಣುವೂ ಇದೇ ಕಾವಲಿನಲ್ಲಿದೆ. ಎಳೆಯ ಹರಳು ಹುಟ್ಟಿದ ಕೂಡಲೇ ಇವು ಅದರ ಮೈಗಂಟಿ ಬೆಳೆಯಗೊಡುವುದಿಲ್ಲ. ಈ ಏರ್ಪಾಡಿನ ಲಾಭ ಹಲ್ಲಿಗೆ ಬರುತ್ತದೆ. ಊಟವಾದ ಮೇಲೆ ಹುಳಿಯಿಂದ ಎನಾಮೆಲ್ ಒಂದಿಷ್ಟು ಕರಗಿದರೆ, ಜೊಲ್ಲಿನ ತುಂಬು ಖಜಾನೆಯಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ. ಕಿಟ್ಟಕ್ಕೆ ಕಾರಣವಾಗುವ ಜೊಲ್ಲೇ ಹಲ್ಲನ್ನು ಉಳಿಸಿಕೊಡುತ್ತಿದೆ ಎಂಬುದನ್ನು ಮರೆಯಬಾರದು. ಜೊಲ್ಲು ಬತ್ತಿದವರ ಹಲ್ಲು ಎಷ್ಟು ಬೇಗ ಹುಳುಕಾಗುತ್ತದೆ ಎಂದು ತಲೆ, ಕುತ್ತಿಗೆಗೆ ರೇಡಿಯೇಷನ್ ಆದವರನ್ನು ಕೇಳಿದರೆ ತಿಳಿಯುತ್ತದೆ.

ಕಾವಲು ಕೆಲಸ ಮಾಡುವುದು ಹರಿಯುವ ಜೊಲ್ಲಿನಲ್ಲಿ. ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳು ಕಟ್ಟುವ ಮೆತ್ತನೆಯ ಪದರವಾದ ಪಾಚಿಯ ಒಳಗೆ ಅದರ ಆಟ ನಡೆಯದು. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಎನಾಮೆಲ್ ಮೇಲೆ ಜೊಲ್ಲಿನ ಪ್ರೋಟೀನುಗಳ ತೆಳುಪೊರೆ ಕೂರುತ್ತದೆ. ಆ ಪೊರೆಗೆ ಮೊದಲು ಬಂದು ಅಂಟುವವು ಸ್ಟ್ರೆಪ್ಟೋಕಾಕಸ್ ಜಾತಿಯವು. ಅವುಗಳ ಮೇಲೆ ಉಳಿದವು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಕಾಗದದಲ್ಲಿ ತನ್ನ ಹಲ್ಲಿನ ಸಂದಿನಿಂದ ಕೆರೆದ ಬಿಳಿ ಲೋಳೆಯಲ್ಲಿ ಓಡಾಡುವ ಜೀವಿಗಳನ್ನು ಕಂಡದ್ದಾಗಿ ವರ್ಣಿಸಿದ. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಮನುಷ್ಯ ಆತ. ಇಂದಿನ ಎಣಿಕೆಯಂತೆ ಮನುಷ್ಯರ ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳಿವೆ. ಒಬ್ಬೊಬ್ಬರ ಬಾಯಲ್ಲಿ ಅದರ ಒಂದು ಭಾಗ.

ಈ ಪಾಚಿ ಸುಮ್ಮನೆ ಮೆತ್ತಿಕೊಂಡ ರಾಶಿಯಲ್ಲ. 2016ರಲ್ಲಿ ಜೆಸಿಕಾ ಮಾರ್ಕ್ ವೆಲ್ಚ್, ಗ್ಯಾರಿ ಬೋರಿಸಿ ಮತ್ತು ಸಂಗಡಿಗರು ಬೇರೆಬೇರೆ ಬ್ಯಾಕ್ಟೀರಿಯಾಗಳಿಗೆ ಬೇರೆಬೇರೆ ಬಣ್ಣ ಹೊಳೆಯುವಂತೆ ಮಾಡಿ ಪಾಚಿಯ ಚಿತ್ರ ತೆಗೆದರು. ನಡುವಿನಿಂದ ಹೊರಕ್ಕೆ ಚಾಚಿದ ಉದ್ದುದ್ದ ಎಳೆಗಳು ಕಂಡವು, ಮೈಯೆಲ್ಲ ಮುಳ್ಳಾದ ಪ್ರಾಣಿಯಂತೆ. ಆ ಎಳೆಗಳು ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದವು. ಎಳೆಗಳ ತುದಿಯಲ್ಲಿ, ಗಾಳಿಯ ಆಮ್ಲಜನಕ ಸಿಗುವ ಕಡೆ, ಸ್ಟ್ರೆಪ್ಟೋಕಾಕಸ್ ಗುಂಡುಗಳು ಮೆಕ್ಕೆಜೋಳದ ತೆನೆಯ ಕಾಳುಗಳಂತೆ ಸುತ್ತುಗಟ್ಟಿ ಕೂತಿದ್ದವು; ಆಮ್ಲಜನಕ ಸೇರದವು ಒಳಗೆ. ಚಿತ್ರ ಚೆಂದವಾಗಿದೆ ಎಂದಷ್ಟೇ ಇದನ್ನು ಇಲ್ಲಿ ಹೇಳುತ್ತಿಲ್ಲ. ಪಾಚಿಗೆ ಕಂಬವಾಗಿ ನಿಂತಿರುವ ಈ ಕೊರಿನೆಬ್ಯಾಕ್ಟೀರಿಯಂ ಬಳಗದ ಒಂದು ಜಾತಿ, ಕೊರಿನೆಬ್ಯಾಕ್ಟೀರಿಯಂ ಮಾಟ್ರುಕೋಟಿ, ಕಲ್ಲಾಗುವುದರಲ್ಲಿಯೂ ಎಲ್ಲಕ್ಕಿಂತ ಮುಂದೆ.

ಕಲ್ಲಾಗುವುದು ಹೇಗೆ? ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪಾಚಿಯ ಕಡೆ ತಿರುಗಿದ ಮೇಲೆ, 1960ರ ಆಸುಪಾಸಿನಿಂದ, ಇದು ಹಂತಹಂತವಾಗಿ ಕಂಡಿತು. ಮೊದಲ ಹರಳುಗಳು ಸಾಮಾನ್ಯವಾಗಿ ಹುಟ್ಟುವುದು ಬ್ಯಾಕ್ಟೀರಿಯಾದ ಒಳಗಲ್ಲ. ಬ್ಯಾಕ್ಟೀರಿಯಾಗಳ ನಡುವಿನ ಅಂಟಿನಲ್ಲಿ. ಸೂಜಿಯಂಥ ಸಣ್ಣ ಹರಳುಗಳು ಅಲ್ಲಲ್ಲಿ ಗುಂಪುಗೂಡಿ, ಆಮೇಲೆ ಬ್ಯಾಕ್ಟೀರಿಯಾದ ಹೊರಗೋಡೆಗೆ ಹತ್ತುತ್ತವೆ. ಗೋಡೆ ಹರಳುಗಟ್ಟಿದ ಎಷ್ಟೋ ಹೊತ್ತಿನವರೆಗೂ ಒಳಗು ಹಾಗೆಯೇ ಇರಬಹುದು. ಕೊನೆಗೆ ಒಳಗೂ ಖನಿಜ ತುಂಬುತ್ತದೆ. ಕೆಲವೊಮ್ಮೆ ತುಂಬದೆಯೂ ಉಳಿಯುತ್ತದೆ. ಹಳೆಯ ಕಿಟ್ಟದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಬ್ಯಾಕ್ಟೀರಿಯಾದ ಅಳತೆಯ, ಬ್ಯಾಕ್ಟೀರಿಯಾದ ಆಕಾರದ ಟೊಳ್ಳುಗಳು ಸಾಲುಸಾಲಾಗಿ ಕಾಣುತ್ತವೆ. ಒಳಗಿದ್ದದ್ದು ಕೊಳೆತುಹೋಗಿದೆ, ಸುತ್ತ ಕಟ್ಟಿದ ಅಚ್ಚು ನಿಂತಿದೆ.

ವೇಗವೂ ನಾವೆಣಿಸಿದಷ್ಟು ನಿಧಾನವಲ್ಲ. ಖನಿಜಗಟ್ಟುವುದು ಕೆಲವರಲ್ಲಿ ಪಾಚಿ ಕೂತ ನಾಲ್ಕರಿಂದ ಎಂಟು ಗಂಟೆಯಲ್ಲೇ ಶುರುವಾಗಬಹುದು. ಗಟ್ಟಿಯಾಗತೊಡಗಿದ ಪಾಚಿ ಎರಡು ದಿನದಲ್ಲಿ ಅರ್ಧದಷ್ಟು, ಹನ್ನೆರಡು ದಿನಗಳಲ್ಲಿ ಶೇ. 60ರಿಂದ 90ರಷ್ಟು ಖನಿಜವಾಗಬಲ್ಲದು. ಹೀಗೆ ಕಟ್ಟುವ ಖನಿಜವೂ ಒಂದೇ ಬಗೆಯದ್ದಲ್ಲ. ಮೊದಲು ಬರುವುದು ಬ್ರಶೈಟ್. ಆಮೇಲೆ ಆಕ್ಟಾಕ್ಯಾಲ್ಸಿಯಂ ಫಾಸ್ಫೇಟ್, ಮೆಗ್ನೀಷಿಯಂ ಬೆರೆತ ವಿಟ್‌ಲಾಕೈಟ್, ಹೈಡ್ರಾಕ್ಸಿಅಪಟೈಟ್. ಕೊನೆಯದು ಎನಾಮೆಲ್ ಯಾವುದರಿಂದ ಆಗಿದೆಯೋ ಅದೇ ವಸ್ತು. ಈ ಮಾತು ಮುಂದೆ ಬೇಕಾಗುತ್ತದೆ.

ಬ್ಯಾಕ್ಟೀರಿಯಾದ ಪಾಲು ಇಲ್ಲಿ ಮೂರು ದಾರಿಗಳಿಂದ ಬರುತ್ತದೆ. ಮೊದಲ ದಾರಿ ಅದರ ಮೈಯೇ. ಅಮೆರಿಕದ ಜಾನ್ ಎನೆವರ್, ಆಮೇಲೆ ಬಾರ್ಬರಾ ಬೋಯನ್ ಮೊದಲಾದವರು ಮಾಟ್ರುಕೋಟಿಯನ್ನು ಕ್ಯಾಲ್ಸಿಯಂ, ಫಾಸ್ಫೇಟ್ ಇರುವ ದ್ರಾವಣದಲ್ಲಿ ಬೆಳೆಸಿ, ಅದರ ಕೋಶದ ಒಳಗೇ ಅಪಟೈಟ್ ಹರಳು ಹುಟ್ಟುವುದನ್ನು ತೋರಿಸಿದರು. ಕಾರಣ ಹುಡುಕುತ್ತ ಹೋದಾಗ ಕೋಶಪೊರೆಯ ಕೊಬ್ಬಿನಂಶದ ಬಳಿ ಬಂದು ನಿಂತರು. ಪೊರೆಯಲ್ಲಿರುವ ಆಮ್ಲಗುಣದ ಫಾಸ್ಫೋಲಿಪಿಡ್‌ಗಳು ಒಂದು ಪ್ರೋಟೀನಿನ ಜೊತೆಗೂಡಿ ಕ್ಯಾಲ್ಸಿಯಂ ಹಿಡಿಯುತ್ತವೆ. ಹಿಡಿದ ಕ್ಯಾಲ್ಸಿಯಂ ಫಾಸ್ಫೇಟನ್ನು ಎಳೆದುಕೊಳ್ಳುತ್ತದೆ. ಹರಳಿಗೆ ಮೊದಲ ಬೀಜ ಸಿಗುತ್ತದೆ. ನಮ್ಮ ಮೂಳೆ ಗಟ್ಟಿಯಾಗುವಾಗಲೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ ಎಂಬುದರಿಂದ, ಹಲ್ಲಿನ ಪಾಚಿಯ ಬ್ಯಾಕ್ಟೀರಿಯಾ ಒಂದಷ್ಟು ಕಾಲ ಮೂಳೆ ಸಂಶೋಧಕರ ಮೇಜಿನ ಮೇಲೂ ಇತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಬದುಕಿರುವ ಕೋಶ ತನ್ನೊಳಗೆ ಕ್ಯಾಲ್ಸಿಯಂ ಏರಗೊಡುವುದಿಲ್ಲ. ಬಂದದ್ದನ್ನು ಹೊರದಬ್ಬುತ್ತಲೇ ಇರುತ್ತದೆ. ಸತ್ತ ಮೇಲೆ ಆ ಕೆಲಸ ನಿಲ್ಲುತ್ತದೆ, ಪೊರೆ ಒಡೆಯುತ್ತದೆ, ಅದರ ಲಿಪಿಡ್‌ಗಳು ಜೊಲ್ಲಿಗೆ ತೆರೆದುಕೊಳ್ಳುತ್ತವೆ. ಪ್ರಯೋಗಶಾಲೆಯಲ್ಲಿ ಕೊಂದ ಬ್ಯಾಕ್ಟೀರಿಯಾಗಳೂ ಖನಿಜಗಟ್ಟುತ್ತವೆ. ಬ್ಯಾಕ್ಟೀರಿಯಾ ಬೇಕೆಂದೇ ಕಲ್ಲು ಕಟ್ಟುತ್ತದೆ, ಅದರಿಂದ ಅದಕ್ಕೇನೋ ಲಾಭ ಇದೆ ಎಂಬ ಧಾಟಿಯ ಬರಹಗಳನ್ನು ಓದಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಕಲ್ಲಾಗುವುದಕ್ಕೆ ಅದರ ಶವ ಸಾಕು.

ಎರಡನೆಯ ದಾರಿ ಬದುಕಿರುವ ಬ್ಯಾಕ್ಟೀರಿಯಾದ್ದು: ಹುಳಿ ಮತ್ತು ಕ್ಷಾರ. ಸಕ್ಕರೆ ಸಿಕ್ಕಿದಾಗ ಪಾಚಿಯ ಬ್ಯಾಕ್ಟೀರಿಯಾಗಳು ಆಮ್ಲ ಉಗುಳುತ್ತವೆ, ಖನಿಜ ಕರಗುತ್ತದೆ. ಹಲ್ಲು ಹುಳುಕಾಗುವುದು ಹೀಗೆ. ಸಕ್ಕರೆ ಇಲ್ಲದ ಹೊತ್ತಿನಲ್ಲಿ ಇವೇ ಬೇರೆ ಕೆಲಸಕ್ಕಿಳಿಯುತ್ತವೆ. ಜೊಲ್ಲಿನಲ್ಲಿ ಬರುವ ಯೂರಿಯಾವನ್ನು ಸ್ಟ್ರೆಪ್ಟೋಕಾಕಸ್ ಸಲೈವೇರಿಯಸ್, ಆಕ್ಟಿನೋಮೈಸಿಸ್ ನೇಸ್ಲಂಡಿ ಮುಂತಾದವು ಒಡೆದು ಅಮೋನಿಯಾ ಮಾಡುತ್ತವೆ. ಸ್ಟ್ರೆಪ್ಟೋಕಾಕಸ್ ಸಾಂಗ್ವಿನಿಸ್ ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಅದನ್ನೇ ಮಾಡುತ್ತದೆ. ಪಾಚಿಯ ಕ್ಷಾರಗುಣ ಏರಿದಷ್ಟೂ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಉಳಿಯುವುದು ಕಷ್ಟ. ಮೂತ್ರಪಿಂಡ ಸೋತು ಡಯಾಲಿಸಿಸ್‌ನಲ್ಲಿರುವವರ ಜೊಲ್ಲಿನಲ್ಲಿ ಯೂರಿಯಾ ಹೆಚ್ಚು. ಅವರಿಗೆ ಕಿಟ್ಟವೂ ಹೆಚ್ಚು. ಎಲೆಯಡಿಕೆ ಹಾಕುವವರಿಗೆ ಕಿಟ್ಟ ಹೆಚ್ಚು ಎಂಬುದಕ್ಕೂ ಇಲ್ಲಿ ಒಂದು ಕಾರಣ ಹೇಳಬಹುದು: ಎಲೆಗೆ ಸವರುವ ಸುಣ್ಣ ಕ್ಷಾರವನ್ನೂ ಕೊಡುತ್ತದೆ, ಕ್ಯಾಲ್ಸಿಯಂ ಅನ್ನೂ ಕೊಡುತ್ತದೆ.

ಮೂರನೆಯದನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ಪಾಚಿಯಲ್ಲಿರುವ ಫಾಸ್ಫಟೇಸ್ ಕಿಣ್ವಗಳು ಕಾವಲಿನ ಪೈರೋಫಾಸ್ಫೇಟನ್ನು ಕತ್ತರಿಸಿಹಾಕುತ್ತವೆ, ಪ್ರೋಟೀನು ಒಡೆಯುವ ಕಿಣ್ವಗಳು ಸ್ಟಾಥೆರಿನ್‌ನಂಥವನ್ನು ತಿಂದುಹಾಕುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ, ಬ್ಯಾಕ್ಟೀರಿಯಾ ಇಲ್ಲದೆ ಕಿಟ್ಟವೇ ಇಲ್ಲ ಎಂದು ತೀರ್ಮಾನಿಸಲು ಕೈ ತುರಿಸುತ್ತದೆ. ಆದರೆ 1960ರ ದಶಕದ ಆರಂಭದಲ್ಲಿ, ಹುಟ್ಟಿನಿಂದಲೇ ಒಂದು ಬ್ಯಾಕ್ಟೀರಿಯಾವೂ ಸೋಕದಂತೆ ಸಾಕಿದ ಇಲಿಗಳ ಹಲ್ಲನ್ನು ಪರೀಕ್ಷಿಸಿದಾಗ ಅಲ್ಲೂ ಕಿಟ್ಟ ಸಿಕ್ಕಿತು. ಜೊಲ್ಲಿನ ಪ್ರೋಟೀನು, ಆಹಾರದ ಕಣ ಇಷ್ಟರ ಮೇಲೆಯೇ ಖನಿಜ ಕೂತಿತ್ತು. ಈ ಒಂದು ಫಲಿತಾಂಶವನ್ನು ಹಿಡಿದು ಬ್ಯಾಕ್ಟೀರಿಯಾದ ಪಾಲನ್ನೇ ಅಲ್ಲಗಳೆದವರಿದ್ದಾರೆ. ನನಗೆ ಅದು ಅವಸರದ ತೀರ್ಪು ಅನ್ನಿಸುತ್ತದೆ. ಸರಕು ಜೊಲ್ಲಿನದು, ನಿಜ. ಆದರೆ ಮನುಷ್ಯರ ಬಾಯಲ್ಲಿ ಅದು ಎಲ್ಲಿ ಕೂರಬೇಕು, ಯಾವಾಗ ಕೂರಬೇಕು, ಎಷ್ಟು ದಪ್ಪಕ್ಕೆ ಬೆಳೆಯಬೇಕು ಎಂಬುದನ್ನು ನಿರ್ಧರಿಸುವುದು ಪಾಚಿ. ಪಾಚಿ ನಿಲ್ಲದ ಮೈಮೇಲೆ ಕಿಟ್ಟ ಬೆಳೆಯುವುದನ್ನು ಯಾವ ದಂತವೈದ್ಯರೂ ಕಾಣುವುದಿಲ್ಲ.

ವಸಡಿನ ಕೆಳಗೆ ಕಟ್ಟುವ ಕಿಟ್ಟದ ಕಥೆ ಸ್ವಲ್ಪ ಬೇರೆ. ಅಲ್ಲಿಗೆ ಜೊಲ್ಲು ಇಳಿಯುವುದಿಲ್ಲ. ಉರಿಯೆದ್ದ ವಸಡಿನಿಂದ ಒಸರುವ ರಕ್ತದ್ರವ ಖನಿಜ ಒದಗಿಸುತ್ತದೆ. ಮೇಲಿನದು ಹಳದಿ ಛಾಯೆಯ ಬಿಳುಪು, ಇದು ಕಂದು ಅಥವಾ ಕಪ್ಪು. ಬಣ್ಣ ರಕ್ತದಿಂದ ಬಂದದ್ದು. ಗಡಸುತನದಲ್ಲಿಯೂ ಇದೇ ಮುಂದು: ಮೇಲಿನ ಕಿಟ್ಟದ ಗಾತ್ರದಲ್ಲಿ ಸರಾಸರಿ ಶೇ. 37ರಷ್ಟು ಖನಿಜವಿದ್ದರೆ ಕೆಳಗಿನದರಲ್ಲಿ ಶೇ. 58ರಷ್ಟು. ಬೇರಿನ ಮೈಯ ಸಣ್ಣ ಸಣ್ಣ ಗುಳಿಗಳಿಗೆಲ್ಲ ಕಚ್ಚಿಕೊಂಡಿರುವುದರಿಂದ ಕೆರೆದು ತೆಗೆಯುವುದೂ ಪ್ರಯಾಸ.

ಈ ಕಲ್ಲು ನಿಜಕ್ಕೂ ಎಷ್ಟು ಕೇಡು ಮಾಡುತ್ತದೆ? ವಸಡಿನ ರೋಗಕ್ಕೆ ಕಿಟ್ಟವೇ ಮೂಲ, ಅದು ವಸಡನ್ನು ಚುಚ್ಚಿಚುಚ್ಚಿ ಹುಣ್ಣು ಮಾಡುತ್ತದೆ ಎಂದು ಬಹುಕಾಲ ನಂಬಿದ್ದರು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಇಳಿಯಿತು. 1965ರಲ್ಲಿ ಬಂದ ಈ ಬರಹ ತಪ್ಪನ್ನು ಮೆತ್ತನೆಯ ಪಾಚಿಯ ಮೇಲೆ ಹೊರಿಸಿತು. ಅದೇ ವರ್ಷ ಇನ್ನಿಬ್ಬರು ಸಂಶೋಧಕರು ಕಿಟ್ಟದ ಚೂರುಗಳನ್ನು ಆಟೋಕ್ಲೇವ್‌ನಲ್ಲಿ ಬೇಯಿಸಿ ಗಿನಿಯಿಲಿಗಳ ಚರ್ಮದಡಿ ಇಟ್ಟರು. ಬೇಯಿಸದ ಚೂರು ಕೀವು ತರಿಸಿತು. ಬೇಯಿಸಿದ್ದನ್ನು ದೇಹ ಪೊರೆಯಲ್ಲಿ ಸುತ್ತಿ ಸುಮ್ಮನೆ ಇಟ್ಟುಕೊಂಡಿತು. 1973ರಲ್ಲಿ ಲಿಸ್ಟ್‌ಗಾರ್ಟನ್ ಮತ್ತು ಎಲೆಗಾರ್ಡ್ ಮಂಗಗಳಲ್ಲಿ ಇನ್ನೂ ಒಂದು ಹೆಜ್ಜೆ ಹೋದರು: ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಶುದ್ಧ ಮಾಡಿದ ಕಿಟ್ಟಕ್ಕೆ ವಸಡಿನ ಜೀವಕೋಶಗಳು ಹಲ್ಲಿಗೆ ಅಂಟುವ ಹಾಗೆಯೇ ಅಂಟಿಕೊಂಡಿದ್ದವು.

ಕಲ್ಲು ನಿರಪರಾಧಿ ಎಂದು ಇದರಿಂದ ಹೊರಟರೆ ಮತ್ತೆ ಎಡವುತ್ತೇವೆ. ಬಾಯಲ್ಲಿ ಯಾರ ಕಿಟ್ಟವೂ ಬೇಯಿಸಿದ್ದಲ್ಲ. ಅದರ ಒರಟು ಮೈಮೇಲೆ ಯಾವಾಗಲೂ ಜೀವಂತ ಪಾಚಿಯ ಒಂದು ಪದರ ಇದ್ದೇ ಇರುತ್ತದೆ, ಬ್ರಶ್ಶಿನ ಕೂದಲು ಅಲ್ಲಿಗೆ ತಲುಪುವುದಿಲ್ಲ. ಹೆರಾಲ್ಡ್ ಲೋ 1970ರಲ್ಲಿ ಶುರುಮಾಡಿದ ಇನ್ನೊಂದು ಅಧ್ಯಯನ ನಮಗೆ ಹತ್ತಿರದ್ದು. ಶ್ರೀಲಂಕಾದ ಟೀ ತೋಟಗಳ 480 ಕೂಲಿಕಾರರನ್ನು ಹದಿನೈದು ವರ್ಷ ಕಾಲ ಮತ್ತೆಮತ್ತೆ ಪರೀಕ್ಷಿಸಿದರು. ಅವರಿಗೆ ಬ್ರಶ್ಶಿನ ಅಭ್ಯಾಸವಿರಲಿಲ್ಲ, ದಂತವೈದ್ಯರ ಮುಖ ನೋಡಿರಲಿಲ್ಲ. ಪಾಚಿ, ಕಿಟ್ಟ ಎಲ್ಲರ ಬಾಯಲ್ಲೂ ತುಂಬಿದ್ದವು. ಆದರೆ ಹಲ್ಲಿನ ಆಸರೆಯನ್ನು ಬೇಗಬೇಗ ಕಳೆದುಕೊಂಡವರು ಸುಮಾರು ಶೇ. 8 ಮಂದಿ. ಶೇ. 81 ಮಂದಿಯಲ್ಲಿ ರೋಗ ಸಾಧಾರಣ ವೇಗದಲ್ಲಿ ನಡೆಯಿತು. ಶೇ. 11 ಮಂದಿಗೆ ವಸಡು ಊದಿದ್ದು ಬಿಟ್ಟರೆ ಮುಂದಕ್ಕೆ ಏನೂ ಆಗಲಿಲ್ಲ. ಒಬ್ಬನ ಕಿಟ್ಟ ನೋಡಿ ಅವನ ಹಲ್ಲಿನ ಭವಿಷ್ಯ ಹೇಳುವ ದಂತವೈದ್ಯರಿಗೆ ಈ ಶೇ. 11 ಸದಾ ನೆನಪಿರಬೇಕು. ತೋಟದ ಆ ಕೂಲಿಕಾರರಿಗೆ ಹದಿನೈದು ವರ್ಷ ಬ್ರಶ್ಶು ಸಿಗದೆ ಹೋದದ್ದರ ಬಗ್ಗೆ ಇಂದು ಓದುವಾಗ ಮುಜುಗರವಾಗುತ್ತದೆ ಎಂಬುದನ್ನೂ ಹೇಳಬೇಕು.

ದಂತವೈದ್ಯರು ಕೆರೆದು ತೊಟ್ಟಿಗೆ ಹಾಕುವ ಇದೇ ಕಿಟ್ಟ ಕಳೆದ ಹದಿನೈದು ವರ್ಷಗಳಲ್ಲಿ ಪುರಾತತ್ವದವರಿಗೆ ನಿಧಿಯಾಗಿದೆ. ಖನಿಜದೊಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾದ ಡಿಎನ್ಎ, ಪ್ರೋಟೀನು ಸಾವಿರಾರು ವರ್ಷ ಕೆಡದೆ ಉಳಿಯುತ್ತವೆ. 2014ರಲ್ಲಿ ಕ್ರಿಸ್ಟಿನಾ ವಾರಿನರ್ ತಂಡ ಜರ್ಮನಿಯ ಡಾಲ್‌ಹೈಮ್‌ನ ಮಧ್ಯಯುಗದ ಅಸ್ಥಿಪಂಜರಗಳ ಕಿಟ್ಟದಿಂದ ವಸಡಿನ ರೋಗದ ಬ್ಯಾಕ್ಟೀರಿಯಾ ಟ್ಯಾನೆರೆಲ್ಲಾ ಫೋರ್ಸೈತಿಯಾದ ವಂಶವಾಹಿಗಳನ್ನು ಜೋಡಿಸಿ ತೋರಿಸಿತು. ಅದೇ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದ ಒಬ್ಬ ಹೆಂಗಸಿನ ಕಿಟ್ಟದಲ್ಲಿ ನೂರಕ್ಕೂ ಹೆಚ್ಚು ನೀಲಿ ಕಣಗಳು ಕಂಡವು. ಅವು ಅಫ್ಘಾನಿಸ್ತಾನದಿಂದ ಬರುತ್ತಿದ್ದ ಲಾಪಿಸ್ ಲಾಜುಲಿ. ಗ್ರಂಥಗಳಿಗೆ ಚಿತ್ರ ಬರೆಯುವಾಗ ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡಿಕೊಳ್ಳುತ್ತಿದ್ದಿರಬೇಕು ಎಂಬುದು 2019ರ ಆ ಸಂಶೋಧನೆಯ ಊಹೆ. 2020ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ ಇನ್ನೂ ರುಚಿಕರ: ಇಸ್ರೇಲಿನ ಮೆಗಿದ್ದೋದಲ್ಲಿ ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಬದುಕಿದ್ದವರ ಕಿಟ್ಟದಲ್ಲಿ ಅರಿಸಿನದ ಪ್ರೋಟೀನು ಸಿಕ್ಕಿತು. ಏಷ್ಯಾದ ಈ ಕಡೆಯ ಸರಕು ಅಷ್ಟು ಹಿಂದೆಯೇ ಅಲ್ಲಿನ ಊಟದ ತಟ್ಟೆ ಸೇರಿತ್ತು. ಆಹಾರದ ಕುರುಹುಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಕಿಟ್ಟದಲ್ಲಿ ಬ್ಯಾಕ್ಟೀರಿಯಾದ ಅಂಶ ರಾಶಿ ಸಿಗುತ್ತದೆ, ಆಹಾರದ್ದು ಚೂರೇ ಚೂರು. ಅಷ್ಟು ಚೂರು ಪ್ರಯೋಗಶಾಲೆಯ ಧೂಳಿನಿಂದಲೂ ಬರಬಹುದು.

ಇನ್ನು ತೆಗೆಯುವ ವಿಷಯ. ಸುಶ್ರುತಸಂಹಿತೆ ಇದನ್ನು ದಂತಶರ್ಕರಾ ಎಂದು ಕರೆದು, ದಂತಶಂಕು ಎಂಬ ಸಲಕರಣೆಯನ್ನೂ ಹೇಳಿ, ವಸಡಿಗೆ ಗಾಯವಾಗದಂತೆ ಎಬ್ಬಿಸಬೇಕು, ಆಮೇಲೆ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಹಚ್ಚಬೇಕು ಎನ್ನುತ್ತದೆ. ಇಂದಿನ ಕ್ಲಿನಿಕ್ಕಿನ ಯಂತ್ರದ ತುದಿ ಸೆಕೆಂಡಿಗೆ ಸುಮಾರು 25,000 ಸಲ ಕಂಪಿಸುತ್ತದೆ. ವಿಧಾನದ ತಿರುಳು ಬದಲಾಗಿಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ ಎಂಬ ಹೆದರಿಕೆ ಹಳ್ಳಿ ಪಟ್ಟಣ ಎನ್ನದೆ ಎಲ್ಲೆಡೆ ಇದೆ. ನಿಜವೆಂದರೆ, ಅಂಥವರಲ್ಲಿ ಹಲ್ಲನ್ನು ಹಿಡಿದ ಮೂಳೆ ಮೊದಲೇ ಕರಗಿರುತ್ತದೆ, ಊದಿದ ವಸಡೂ ಕಿಟ್ಟವೂ ಅದನ್ನು ಮುಚ್ಚಿಟ್ಟಿರುತ್ತವೆ. ಕಿಟ್ಟ ಹೋಗಿ ಊತ ಇಳಿದಾಗ ಬಯಲಾಗುತ್ತದೆ. ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದೂ ಅದಕ್ಕೇ. ಹಾಗೆಂದು ಆರು ತಿಂಗಳಿಗೊಮ್ಮೆ ಎಲ್ಲರೂ ಮಾಡಿಸಲೇಬೇಕು ಎಂಬ ಮಾತಿಗೂ ಆಧಾರ ಗಟ್ಟಿಯಿಲ್ಲ. ವಸಡಿನ ಗಂಭೀರ ರೋಗವಿಲ್ಲದ, ದಂತವೈದ್ಯರನ್ನು ಆಗಾಗ ಕಾಣುವ ವಯಸ್ಕರಲ್ಲಿ ಆರು ತಿಂಗಳಿಗೊಮ್ಮೆ ಮಾಡಿಸಿದವರಿಗೂ ವೇಳಾಪಟ್ಟಿಯಂತೆ ಮಾಡಿಸದವರಿಗೂ ಎರಡು ಮೂರು ವರ್ಷಗಳಲ್ಲಿ ವಸಡಿನ ಊತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2018ರ ಕಾಕ್ರೇನ್ ಪರಾಮರ್ಶೆ ಹೇಳಿತು. ಕಿಟ್ಟ ಮಾತ್ರ ಸ್ವಲ್ಪ ಕಡಿಮೆಯಿತ್ತು. ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ವಸಡಿನಲ್ಲಿ ರಕ್ತ ಕಾಣುವವರು ಈ ಲೆಕ್ಕದ ನೆಪ ಹೇಳಿ ತಪ್ಪಿಸಿಕೊಳ್ಳಬಾರದು.

1985ರಲ್ಲಿ ಅಮೆರಿಕದಲ್ಲಿ ಕ್ರೆಸ್ಟ್ ಹೆಸರಿನಲ್ಲಿ ಟಾರ್ಟರ್ ತಡೆಯುವ ಪೇಸ್ಟು ಬಂತು. ಅದರ ಗುಟ್ಟು ಜೊಲ್ಲಿನಲ್ಲಿಯೇ ಇರುವ ಪೈರೋಫಾಸ್ಫೇಟ್. ಸತುವಿನ ಲವಣಗಳೂ ಇದೇ ಕೆಲಸಕ್ಕೆ ಬರುತ್ತವೆ. ಇವು ಹೊಸದಾಗಿ ಕಟ್ಟುವುದನ್ನು ನಿಧಾನಿಸುತ್ತವೆ, ಅದೂ ವಸಡಿನ ಮೇಲೆ ಮಾತ್ರ. ಕಟ್ಟಿದ ಕಿಟ್ಟವನ್ನು ಯಾವ ಪೇಸ್ಟೂ ಕರಗಿಸುವುದಿಲ್ಲ. ನಿಂಬೆರಸ, ವಿನಿಗರ್ ಹಚ್ಚಿ ಮನೆಯಲ್ಲೇ ಕರಗಿಸಿಕೊಳ್ಳಿ ಎನ್ನುವ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟು ಓಡುತ್ತಿವೆ. ಕಿಟ್ಟದಲ್ಲಿರುವುದೂ ಎನಾಮೆಲ್‌ನಲ್ಲಿರುವುದೂ ಒಂದೇ ಜಾತಿಯ ಖನಿಜ. ಒಂದನ್ನು ಕರಗಿಸುವ ಹುಳಿ ಇನ್ನೊಂದನ್ನು ಬಿಡುವುದಿಲ್ಲ. ಕಿಟ್ಟ ಮತ್ತೆ ಕಟ್ಟುತ್ತದೆ, ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ದಯವಿಟ್ಟು ಆ ಪ್ರಯೋಗಕ್ಕೆ ಕೈ ಹಾಕಬೇಡಿ.